ಇಸುಬು: ಮೂಲ ಚರ್ಮದಲ್ಲೋ, ರಕ್ತದಲ್ಲೋ?

ಅಟೋಪಿಕ್ ಡರ್ಮಟೈಟಿಸ್ ಎಂಬ ದೀರ್ಘಕಾಲದ ಇಸುಬನ್ನು ಖಚಿತಪಡಿಸುವ ರಕ್ತಪರೀಕ್ಷೆ ಇಲ್ಲ. ಚರ್ಮದ ಚೂರು ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡಿದರೂ ಕಾಣುವುದು ಬೇರೆ ಬಗೆಯ ಇಸುಬುಗಳಲ್ಲೂ ಇರುವಂಥ ಉರಿಯೂತವೇ. ವೈದ್ಯರು ನೆಚ್ಚುವುದು ತಮ್ಮ ಕಣ್ಣನ್ನು ಮತ್ತು ಕೆಲವು ಪ್ರಶ್ನೆಗಳನ್ನು: ನವೆ ಎಷ್ಟು ದಿನದ್ದು, ಮೈಮೇಲೆ ಎಲ್ಲೆಲ್ಲಿ, ಬಂದು ಹೋಗಿ ಮಾಡುತ್ತದೆಯೇ, ಮನೆಯಲ್ಲಿ ಯಾರಿಗಾದರೂ ಉಬ್ಬಸವೋ ಅಲರ್ಜಿಯ ನೆಗಡಿಯೋ ಇದೆಯೇ. ಜಾನ್ ಹ್ಯಾನಿಫಿನ್ ಮತ್ತು ಜಾರ್ಜ್ ರಾಯ್ಕಾ 1980ರಲ್ಲಿ ಮುಂದಿಟ್ಟ ಲಕ್ಷಣಪಟ್ಟಿಯೇ ಇಂದಿಗೂ ಸಂಶೋಧನೆಯ ಅಳತೆಗೋಲು. ಅದರಲ್ಲಿ ಮುಖ್ಯ ಲಕ್ಷಣಗಳು ನಾಲ್ಕು, ಪೂರಕ ಲಕ್ಷಣಗಳು ಇಪ್ಪತ್ತಕ್ಕೂ ಹೆಚ್ಚು. ಎರಡರಿಂದಲೂ ಮೂರು ಮೂರು ಸಿಕ್ಕರೆ ರೋಗಕ್ಕೆ ಆ ಹೆಸರು.

ವಯಸ್ಸಿಗೆ ತಕ್ಕಂತೆ ಕಾಯಿಲೆಯ ಜಾಗ ಬದಲಾಗುತ್ತದೆ. ಕೈಕೂಸಿಗೆ ಕೆನ್ನೆ, ಹಣೆ, ಕೈಕಾಲುಗಳ ಹೊರಮೈ ಕೆಂಪಾಗಿ ಒಸರುತ್ತವೆ. ಲಂಗೋಟಿ ಕಟ್ಟುವ ಭಾಗ ಮಾತ್ರ ಸಾಮಾನ್ಯವಾಗಿ ಚೆನ್ನಾಗಿಯೇ ಇರುತ್ತದೆ. ಶಾಲೆಗೆ ಹೋಗುವ ವಯಸ್ಸಿಗೆ ಅದು ಮೊಣಕೈಯ ಒಳಮಡಿಕೆಗೆ, ಮಂಡಿಯ ಹಿಂದಕ್ಕೆ, ಕತ್ತಿಗೆ ಸರಿಯುತ್ತದೆ. ವರ್ಷಗಟ್ಟಲೆ ಕೆರೆದ ಮೊಣಕೈ ಮಡಿಕೆಯಲ್ಲಿ ಚರ್ಮ ದಪ್ಪಗಾಗಿ, ಸಹಜ ಗೆರೆಗಳು ಆಳವಾಗಿ, ಬಣ್ಣ ಬೂದುಗಂದಾಗಿರುತ್ತದೆ. ಅಂಥ ಮಗುವಿನ ಉಗುರುಗಳನ್ನೂ ಗಮನಿಸಬೇಕು. ಸದಾ ಚರ್ಮಕ್ಕೆ ಉಜ್ಜಿ ಅವು ಪಾಲಿಶ್ ಹಾಕಿದಂತೆ ಹೊಳೆಯುತ್ತಿರುತ್ತವೆ. ದೊಡ್ಡವರಲ್ಲಿ ಕೈ, ಕಣ್ಣುರೆಪ್ಪೆ, ಕತ್ತು ಹೆಚ್ಚು ಬಳಲುತ್ತವೆ.

ಲಕ್ಷಣಗಳ ಬಗ್ಗೆ ಹೆಚ್ಚು ತಕರಾರಿಲ್ಲ. ತಕರಾರಿರುವುದು ಮೂಲದ ಬಗ್ಗೆ. ಒಳಗಿನ ರೋಗನಿರೋಧಕ ವ್ಯವಸ್ಥೆ ಹದ ತಪ್ಪಿದ್ದರಿಂದ ಚರ್ಮ ಕೆಡುತ್ತದೆಯೋ, ಚರ್ಮದ ತಡೆಗೋಡೆ ಮೊದಲು ಬಿರುಕುಬಿಟ್ಟದ್ದರಿಂದ ಒಳಗಿನ ವ್ಯವಸ್ಥೆ ಕೆರಳುತ್ತದೆಯೋ? ಈ ಪ್ರಶ್ನೆಗೆ ಸಿಕ್ಕ ಉತ್ತರಗಳಿಗೆ ತಕ್ಕಂತೆ ಚಿಕಿತ್ಸೆ, ಪಥ್ಯ, ತಾಯಂದಿರಿಗೆ ಹೇಳುವ ಬುದ್ಧಿಮಾತು ಎಲ್ಲವೂ ಬದಲಾಗುತ್ತ ಬಂದಿವೆ.

ಹಳೆಯ ವಿವರಣೆಗಳು

ನವೆ, ಗುಳ್ಳೆ, ಒಸರುವಿಕೆಗಳು ಸೇರಿದ ಕಾಯಿಲೆಯನ್ನು ಆಯುರ್ವೇದ ವಿಚರ್ಚಿಕಾ ಎಂದು ಕರೆದು ಕ್ಷುದ್ರಕುಷ್ಠಗಳ ಸಾಲಿಗೆ ಸೇರಿಸಿತು. ಮೂಲವನ್ನು ದೋಷಗಳ ಏರುಪೇರಿನಲ್ಲಿ, ಎಂದರೆ ದೇಹದ ಒಳಗೆ ಗುರುತಿಸಿತು. ಯುರೋಪಿನ ಹಳೆಯ ವೈದ್ಯವೂ ಕೆಟ್ಟ ರಸಗಳು ಚರ್ಮದ ದಾರಿಯಿಂದ ಹೊರಬೀಳುತ್ತವೆ ಎಂದೇ ನಂಬಿತ್ತು. ಹೀಗಾಗಿ ಇಸುಬನ್ನು ಒಣಗಿಸಿಬಿಟ್ಟರೆ ರೋಗ ಒಳಕ್ಕೆ ಹೊಕ್ಕು ಉಬ್ಬಸವಾಗುತ್ತದೆ ಎಂಬ ಭಯ ಹುಟ್ಟಿತು. ಆ ಭಯ ನಮ್ಮ ಊರುಗಳಲ್ಲಿ ಇಂದಿಗೂ ಪೂರ್ತಿ ಹೋಗಿಲ್ಲ.

ಲಂಡನ್ನಿನ ರಾಬರ್ಟ್ ವಿಲ್ಲನ್ 19ನೇ ಶತಮಾನದ ಆರಂಭದಲ್ಲಿ ಚರ್ಮರೋಗಗಳನ್ನು ಕಣ್ಣಿಗೆ ಕಾಣುವ ರೂಪದ ಮೇಲೆ ವಿಂಗಡಿಸಿದ. ವಿಯೆನ್ನಾದ ಫರ್ಡಿನಾಂಡ್ ಫಾನ್ ಹೆಬ್ರಾ ಇನ್ನೂ ಮುಂದೆ ಹೋಗಿ, ಕಜ್ಜಿಗೆ ಕಾರಣ ರಕ್ತದ ಕೆಡುಕಲ್ಲ, ಚರ್ಮ ಕೊರೆಯುವ ಸಣ್ಣ ಹುಳು ಎಂದು 1840ರ ದಶಕದಲ್ಲಿ ತೋರಿಸಿಕೊಟ್ಟ. ಚರ್ಮದ ಕಾಯಿಲೆಯ ಕಾರಣವನ್ನು ಚರ್ಮದಲ್ಲೇ ಹುಡುಕುವ ಧೈರ್ಯ ಬಂದದ್ದು ಅಲ್ಲಿಂದ. ಆದರೆ ಪ್ಯಾರಿಸಿನ ಅರ್ನೆಸ್ಟ್ ಬೆನಿಯೆ 1892ರಲ್ಲಿ ಬೇರೊಂದು ಸಂಗತಿಯನ್ನು ಎತ್ತಿ ಹೇಳಿದ. ನವೆಯ ಇಸುಬಿರುವ ರೋಗಿಗಳಲ್ಲೂ ಅವರ ಮನೆತನದಲ್ಲೂ ಉಬ್ಬಸ ಮತ್ತು ಪರಾಗದ ನೆಗಡಿ ಜೊತೆಜೊತೆಗೆ ಬರುತ್ತವೆ ಎಂಬುದು ಅವನ ಗಮನಕ್ಕೆ ಬಂದಿತ್ತು. ಕಾಯಿಲೆ ಮತ್ತೆ ಒಳಕ್ಕೆ ಸರಿಯಿತು.

ಅಮೆರಿಕದಲ್ಲಿ ಆರ್ಥರ್ ಕೋಕಾ ಮತ್ತು ರಾಬರ್ಟ್ ಕುಕ್ ಈ ಮನೆತನದ ಒಲವಿಗೆ 1923ರಲ್ಲಿ ಅಟೋಪಿ ಎಂಬ ಹೆಸರು ಕೊಟ್ಟರು. ಹತ್ತು ವರ್ಷದ ಬಳಿಕ ಫ್ರೆಡ್ ವೈಸ್ ಮತ್ತು ಮರಿಯನ್ ಸಲ್ಜ್‌ಬರ್ಗರ್ ಅದನ್ನು ಚರ್ಮಕ್ಕೆ ಜೋಡಿಸಿ ಇಂದಿನ ಹೆಸರನ್ನು ರೂಢಿಗೆ ತಂದರು.

ನರಗಳ ಮೇಲೆ, ಆಮೇಲೆ ತಾಯಿಯ ಮೇಲೆ

ಇದರ ಪಕ್ಕದಲ್ಲೇ ಇನ್ನೊಂದು ವಾದವೂ ಬೆಳೆಯಿತು. ಫ್ರಾನ್ಸಿನ ಲೂಯಿ ಬ್ರೋಕ್ ಮತ್ತು ಜಾಕೆ 1891ರಲ್ಲಿ ಈ ಬಗೆಯ ಕಾಯಿಲೆಯನ್ನು ನರಗಳ ಲೆಕ್ಕಕ್ಕೆ ಹಾಕಿದರು: ನವೆ ಮೊದಲು, ಗಾಯ ಆಮೇಲೆ. ಗಮನಿಸಿದ್ದು ಸರಿಯೇ ಇತ್ತು. ಕೆಟ್ಟದ್ದು ಮುಂದಿನ ಹೆಜ್ಜೆ. 20ನೇ ಶತಮಾನದ ನಡುವಿನಲ್ಲಿ ಮನೋವಿಶ್ಲೇಷಣೆಯ ಪ್ರಭಾವ ಏರಿದಾಗ ಷಿಕಾಗೊದ ಫ್ರಾಂಜ್ ಅಲೆಕ್ಸಾಂಡರ್ ಮನಸ್ಸಿನಿಂದ ಹುಟ್ಟುವ ಏಳು ಕಾಯಿಲೆಗಳ ಪಟ್ಟಿಯಲ್ಲಿ ಇದನ್ನೂ ಸೇರಿಸಿದ. ಮಗುವನ್ನು ಒಳಗೊಳಗೇ ತಿರಸ್ಕರಿಸುವ ತಾಯಿಯಿಂದ ಇಸುಬು ಬರುತ್ತದೆ ಎಂಬ ಬರಹಗಳೂ ಹೊರಟವು. ರಾತ್ರಿಯಿಡೀ ಕೆರೆಯುವ ಮಗುವನ್ನು ಎತ್ತಿಕೊಂಡು ನಿದ್ದೆಗೆಟ್ಟ ತಾಯಿ ಸಿಡುಕುವುದು ಕಾಯಿಲೆಯ ಫಲ. ಅದನ್ನೇ ಕಾರಣವೆಂದು ಓದಿದ್ದು ಈ ವಿಷಯದ ಇತಿಹಾಸದಲ್ಲಿ ಅತ್ಯಂತ ಅನ್ಯಾಯದ ಅಧ್ಯಾಯ. ಮಾನಸಿಕ ಒತ್ತಡದಿಂದ ಕಾಯಿಲೆ ಉಲ್ಬಣಿಸುತ್ತದೆ ಎಂಬ ಮಾತು ಮಾತ್ರ ಈಗಲೂ ನಿಲ್ಲುತ್ತದೆ.

ಒಳಗಿನಿಂದ ಹೊರಕ್ಕೆ: ರೋಗನಿರೋಧಕ ಪಂಥ

ಐಜಿಇ ಎಂಬ ಪ್ರತಿಕಾಯವನ್ನು 1960ರ ದಶಕದ ಉತ್ತರಾರ್ಧದಲ್ಲಿ ಇಶಿಜಾಕಾ ದಂಪತಿ ಅಮೆರಿಕದಲ್ಲೂ, ಯೋಹಾನ್ಸನ್ ಮತ್ತು ಬೆನ್ನಿಕ್ ಸ್ವೀಡನ್ನಿನಲ್ಲೂ ಗುರುತಿಸಿದ ಮೇಲೆ ಅಟೋಪಿಗೆ ಅಳೆಯಬಹುದಾದ ಗುರುತು ಸಿಕ್ಕಿತು. ಇಸುಬಿನ ಬಹುಪಾಲು ರೋಗಿಗಳ ರಕ್ತದಲ್ಲಿ ಐಜಿಇ ಹೆಚ್ಚಿರುತ್ತದೆ. 1986ರಲ್ಲಿ ಮಾಸ್ಮನ್ ಮತ್ತು ಕಾಫ್ಮನ್ ಸಹಾಯಕ ಟಿ ಜೀವಕೋಶಗಳಲ್ಲಿ ಎರಡು ಬಣಗಳಿವೆ ಎಂದು ತೋರಿಸಿದರು. ಎರಡನೆಯ ಬಣ ಸುರಿಸುವ ಇಂಟರ್‌ಲ್ಯೂಕಿನ್-4 ಮತ್ತು 13 ಎಂಬ ಸಂದೇಶವಾಹಕಗಳು ಅಲರ್ಜಿಯ ಚಾಲಕಶಕ್ತಿಯಾಗಿ ಕಂಡವು. ಈ ಪಂಥದ ಪ್ರಕಾರ ರೋಗ ಆರಂಭವಾಗುವುದು ಒಳಗಿನ ಈ ಒಲವಿನಿಂದ. ಚರ್ಮ ಅದು ಬಯಲಾಗುವ ಜಾಗವಷ್ಟೆ.

ಮನೆತನದ ನಂಟು, ಉಬ್ಬಸದ ಜೊತೆಗಾರಿಕೆ, ಸ್ಟಿರಾಯ್ಡ್‌ಗಳಿಂದ ಸಿಗುವ ಶಮನ ಇವೆಲ್ಲಕ್ಕೂ ಈ ವಾದದಲ್ಲಿ ಉತ್ತರವಿತ್ತು. ಅದೇ ಸಲ್ಜ್‌ಬರ್ಗರ್ ಸಹೋದ್ಯೋಗಿ ವಿಟ್ಟನ್ ಜೊತೆ 1952ರಲ್ಲಿ ಹೈಡ್ರೊಕಾರ್ಟಿಸೋನ್ ಮುಲಾಮಿನ ಗುಣವನ್ನು ವರದಿ ಮಾಡಿದ್ದ; ಚರ್ಮರೋಗ ಚಿಕಿತ್ಸೆ ಅಲ್ಲಿಂದ ಬೇರೆಯೇ ಆಯಿತು. ಆದರೆ ತೊಡಕುಗಳೂ ಇದ್ದವು. ಸುಮಾರು ಐದನೇ ಒಂದು ಭಾಗ ರೋಗಿಗಳಲ್ಲಿ ಐಜಿಇ ಸಹಜ ಮಟ್ಟದಲ್ಲೇ ಇರುತ್ತದೆ, ಇಸುಬು ಮಾತ್ರ ಹಾಗೆಯೇ ಇರುತ್ತದೆ. ಐಜಿಇಯನ್ನೇ ಹಿಡಿದುಹಾಕುವ ಔಷಧ ಉಬ್ಬಸದಲ್ಲಿ ಗೆದ್ದಷ್ಟು ಇಲ್ಲಿ ಗೆಲ್ಲಲಿಲ್ಲ. ಹಾಲು, ಮೊಟ್ಟೆ ಬಿಡಿಸಿದ ಮಕ್ಕಳಲ್ಲಿ ಹೆಚ್ಚಿನವರ ಚರ್ಮ ಸುಧಾರಿಸಲಿಲ್ಲ. ಕೆಲವರ ಬೆಳವಣಿಗೆ ಕುಂಠಿತವಾದದ್ದೇ ಬಂತು.

ಹೊರಗಿನಿಂದ ಒಳಕ್ಕೆ: ತಡೆಗೋಡೆಯ ಪಂಥ

ಚರ್ಮದ ಹೊರಪದರವನ್ನು ವಿವರಿಸಲು ಅಮೆರಿಕದ ಪೀಟರ್ ಇಲಿಯಾಸ್ 1980ರ ದಶಕದಲ್ಲಿ ಬಳಸಿದ ಚಿತ್ರ ಇಟ್ಟಿಗೆ ಗೋಡೆಯದು: ಸತ್ತು ಚಪ್ಪಟೆಯಾದ ಜೀವಕೋಶಗಳು ಇಟ್ಟಿಗೆ, ನಡುವಿನ ಕೊಬ್ಬು ಗಾರೆ. ಗಾರೆ ಸಡಿಲವಾದರೆ ನೀರಿನಂಶ ಹೊರಹೋಗಿ ಚರ್ಮ ಒಣಗುತ್ತದೆ. ಸೋಪು, ಧೂಳುಹುಳದ ಕಣ, ಆಹಾರದ ಪ್ರೋಟೀನ್ ಒಳಬರುತ್ತವೆ. ಇಸುಬಿನ ರೋಗಿಯ ಚರ್ಮ, ನೋಡಲು ಚೆನ್ನಾಗಿರುವ ಜಾಗದಲ್ಲೂ, ನೀರನ್ನು ಹೆಚ್ಚು ಬಿಟ್ಟುಕೊಡುತ್ತದೆ ಎಂಬುದು ಅಳತೆಗೆ ಸಿಕ್ಕ ಸತ್ಯ.

ಈ ಪಂಥಕ್ಕೆ ಬಲ ಬಂದದ್ದು 2006ರಲ್ಲಿ. ಸ್ಕಾಟ್ಲೆಂಡಿನ ಡಂಡಿಯ ಅರ್ವಿನ್ ಮೆಕ್ಲೀನ್ ತಂಡ ಮೀನಿನ ಪೊರೆಯಂತೆ ಚರ್ಮ ಸುಲಿಯುವ ಇಕ್ತಿಯೋಸಿಸ್ ಕಾಯಿಲೆಯ ಜೀನ್ ಹುಡುಕುತ್ತ ಫಿಲಾಗ್ರಿನ್ ಎಂಬ ಪ್ರೋಟೀನಿನ ದೋಷ ಕಂಡಿತು. ಅದೇ ದೋಷ ಇಸುಬಿನ ಅಪಾಯವನ್ನೂ ಹಲವು ಪಟ್ಟು ಏರಿಸುತ್ತದೆ ಎಂದು ಅದೇ ವರ್ಷ ತಿಳಿಯಿತು. ಹೊರಪದರದ ಜೀವಕೋಶಗಳಲ್ಲಿ ನಾರುಗಳನ್ನು ಒತ್ತಾಗಿ ಕಟ್ಟುವುದು ಫಿಲಾಗ್ರಿನ್‌ನ ಕೆಲಸ. ಆಮೇಲೆ ಅದು ಒಡೆದು ಬರುವ ತುಣುಕುಗಳೇ ಚರ್ಮದ ತೇವ ಕಾಪಾಡುತ್ತವೆ, ಆಮ್ಲೀಯತೆ ಉಳಿಸುತ್ತವೆ. ಉತ್ತರ ಯುರೋಪಿನ ಜನರಲ್ಲಿ ಸುಮಾರು ಹತ್ತನೇ ಒಂದು ಪಾಲು ಇಂಥ ದೋಷದ ಒಂದು ಪ್ರತಿಯನ್ನಾದರೂ ಹೊತ್ತಿರುತ್ತಾರೆ.

ಲಂಡನ್ನಿನ ಗಿಡಿಯನ್ ಲ್ಯಾಕ್ ಇದನ್ನು ಆಹಾರದ ಅಲರ್ಜಿಗೂ ವಿಸ್ತರಿಸಿದ. ಕಡಲೆಕಾಯಿಯ ಪುಡಿ ಬಿರಿದ ಚರ್ಮದ ಮೂಲಕ ಮೊದಲು ದೇಹ ಹೊಕ್ಕರೆ ಅಲರ್ಜಿ, ಬಾಯಿಯ ಮೂಲಕ ಹೊಕ್ಕರೆ ಸಹನೆ ಎಂಬುದು ಅವನ ವಾದ. 640 ಕೂಸುಗಳ ಮೇಲೆ ನಡೆದು 2015ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಬೇಗನೇ ಕಡಲೆಕಾಯಿ ತಿನ್ನಿಸಿದ ಮಕ್ಕಳಲ್ಲಿ ಅದರ ಅಲರ್ಜಿ ಬಹಳ ಕಡಿಮೆಯಾಯಿತು. ತಡಮಾಡಿ ತಿನ್ನಿಸಿ ಎಂಬ ದಶಕಗಳ ಸಲಹೆ ತಲೆಕೆಳಗಾಯಿತು.

ಆದರೂ ಗೋಡೆಯ ವಾದ ಪೂರ್ತಿ ಕೂರುವುದಿಲ್ಲ. ಯುರೋಪಿನಲ್ಲೂ ಅರ್ಧಕ್ಕಿಂತ ಹೆಚ್ಚು ರೋಗಿಗಳಲ್ಲಿ ಫಿಲಾಗ್ರಿನ್ ದೋಷ ಸಿಗುವುದಿಲ್ಲ. ದೋಷವಿದ್ದವರಲ್ಲೂ ಬಹಳ ಮಂದಿಗೆ ಇಸುಬೇ ಬರುವುದಿಲ್ಲ. ಆಫ್ರಿಕಾ ಮೂಲದವರಲ್ಲಿ ಈ ದೋಷ ಅಪರೂಪ, ಇಸುಬು ಅಪರೂಪವಲ್ಲ. ಎಲ್ಲಕ್ಕಿಂತ ದೊಡ್ಡ ತೊಡಕು ಬೇರೆ: ಜೀನ್ ಸರಿಯಿದ್ದವರಲ್ಲೂ ಇಂಟರ್‌ಲ್ಯೂಕಿನ್-4 ಮತ್ತು 13 ಹೆಚ್ಚಾದರೆ ಫಿಲಾಗ್ರಿನ್ ಉತ್ಪಾದನೆ ಕುಗ್ಗುತ್ತದೆ. ಅಂದರೆ ಉರಿಯೂತವೂ ಗೋಡೆಯನ್ನು ಕೆಡವಬಲ್ಲದು. ಯಾವುದು ಮೊದಲು ಎಂಬ ಪ್ರಶ್ನೆಗೆ ಎಲ್ಲ ರೋಗಿಗಳಿಗೂ ಹೊಂದುವ ಒಂದೇ ಉತ್ತರ ಇಲ್ಲದಿರಬಹುದು ಎಂಬ ಸಂಶಯ ಇಲ್ಲಿಂದಲೇ ಬಲವಾಗುತ್ತದೆ.

ಸೂಕ್ಷ್ಮಾಣುಗಳ ಪಾಲು

ಇಸುಬಿನ ಗಾಯಗಳಲ್ಲಿ ಸುಮಾರು ಶೇ 90ರಷ್ಟರಲ್ಲಿ ಸ್ಟ್ಯಾಫಿಲೊಕಾಕಸ್ ಆರಿಯಸ್ ಬ್ಯಾಕ್ಟೀರಿಯಾ ನೆಲೆಸಿರುತ್ತದೆ ಎಂದು 1974ರಲ್ಲಿ ಲೇಡನ್, ಮಾರ್ಪಲ್ಸ್ ಮತ್ತು ಕ್ಲಿಗ್ಮನ್ ವರದಿ ಮಾಡಿದರು. ಕಾಯಿಲೆ ಕೆರಳಿದಾಗ ಚರ್ಮದ ಸೂಕ್ಷ್ಮಾಣುಗಳ ವೈವಿಧ್ಯ ಕುಸಿದು ಇದೊಂದೇ ಮೆರೆಯುತ್ತದೆ. ಆದರೂ ಪ್ರತಿಜೈವಿಕ ಕೊಟ್ಟರೆ, ಸ್ಪಷ್ಟ ಸೋಂಕು ಇಲ್ಲದಾಗ, ಇಸುಬು ಅಷ್ಟೇನೂ ತಗ್ಗುವುದಿಲ್ಲ. ಒಳ್ಳೆಯ ಬ್ಯಾಕ್ಟೀರಿಯಾಗಳನ್ನು ಚರ್ಮಕ್ಕೆ ಹಚ್ಚುವ ಪ್ರಯತ್ನಗಳು ಆರಂಭದಲ್ಲಿ ಆಸೆ ಹುಟ್ಟಿಸಿದರೂ ಚಿಕಿತ್ಸೆಯಾಗಿ ನೆಲೆಗೊಂಡಿಲ್ಲ.

ಇದಕ್ಕೆ ತಿರುಗಿದ ವಾದವೆಂದರೆ ಸೂಕ್ಷ್ಮಾಣುಗಳ ಕೊರತೆಯದು. ದೊಡ್ಡ ಕುಟುಂಬದ ಕಿರಿಯ ಮಕ್ಕಳಲ್ಲಿ ಪರಾಗದ ನೆಗಡಿ ಮತ್ತು ಇಸುಬು ಕಡಿಮೆ ಎಂದು ಡೇವಿಡ್ ಸ್ಟ್ರಾಚನ್ 1989ರಲ್ಲಿ 17,000ಕ್ಕೂ ಹೆಚ್ಚು ಬ್ರಿಟಿಷ್ ಮಕ್ಕಳ ಲೆಕ್ಕದಿಂದ ಹೇಳಿದ. ಬಾಲ್ಯದ ಸೋಂಕುಗಳು ಅಲರ್ಜಿಯನ್ನು ತಡೆಯುತ್ತವೆ ಎಂದು ಊಹಿಸಿದ. ಹಳ್ಳಿಯಿಂದ ನಗರಕ್ಕೆ ಬಂದ ಸಂಸಾರಗಳಲ್ಲಿ ಇಸುಬು ಹೆಚ್ಚುವುದನ್ನು ಇದು ಚೆನ್ನಾಗಿ ವಿವರಿಸುವಂತೆ ಕಾಣುತ್ತದೆ. ಆದರೆ ಜರ್ಮನಿ ಒಂದಾದ ಹೊತ್ತಿನ ಅಧ್ಯಯನಗಳಲ್ಲಿ ಪೂರ್ವಭಾಗದ ಮಕ್ಕಳಿಗೆ ಪರಾಗದ ನೆಗಡಿ ಕಡಿಮೆಯಿತ್ತು, ಇಸುಬು ಕಡಿಮೆಯಿರಲಿಲ್ಲ. ಈ ಊಹೆ ಮೂಗಿಗೆ ಹೊಂದಿದಷ್ಟು ಚರ್ಮಕ್ಕೆ ಹೊಂದುವುದಿಲ್ಲ.

ನವೆಯ ವಿಜ್ಞಾನ

ಬಹುಕಾಲ ನವೆಯನ್ನು ಸಣ್ಣ ಪ್ರಮಾಣದ ನೋವು ಎಂದೇ ಬಗೆಯಲಾಗಿತ್ತು. 1997ರಲ್ಲಿ ಜರ್ಮನಿಯ ಮಾರ್ಟಿನ್ ಶ್ಮೆಲ್ಜ್ ತಂಡ ಹಿಸ್ಟಮೀನಿಗೆ ಸ್ಪಂದಿಸುವ, ನವೆಗೇ ಮೀಸಲಾದಂತಿರುವ ನರತಂತುಗಳನ್ನು ಮನುಷ್ಯರಲ್ಲಿ ತೋರಿಸಿತು. ಇಸುಬಿನ ನವೆ ಮಾತ್ರ ಬಹುಮಟ್ಟಿಗೆ ಹಿಸ್ಟಮೀನಿನದಲ್ಲ. ಅಲರ್ಜಿ ಮಾತ್ರೆ ನುಂಗಿದರೂ ಕೆರೆತ ನಿಲ್ಲದಿರುವುದಕ್ಕೆ ಕಾರಣ ಇದೇ. ನಿದ್ದೆ ತರುವ ಹಳೆಯ ಮಾತ್ರೆಗಳಿಂದ ರಾತ್ರಿ ಸಿಗುವ ನೆಮ್ಮದಿ ಮಂಪರಿನದು.

2004ರಲ್ಲಿ ಗುರುತಿಸಲಾದ ಇಂಟರ್‌ಲ್ಯೂಕಿನ್-31 ನರಗಳನ್ನು ನೇರವಾಗಿ ಕೆರಳಿಸುತ್ತದೆ. ಇಂಟರ್‌ಲ್ಯೂಕಿನ್-4 ಕೂಡ ನರಗಳ ಮೇಲೆಯೇ ಕೂತು ಅವನ್ನು ಸೂಕ್ಷ್ಮವಾಗಿಸುತ್ತದೆ ಎಂದು 2017ರಲ್ಲಿ ಕಂಡುಬಂತು. 2023ರಲ್ಲಿ ಹಾರ್ವರ್ಡಿನ ತಂಡವೊಂದು ಇಲಿಗಳಲ್ಲಿ ಇನ್ನೊಂದು ದಾರಿ ತೋರಿಸಿತು: ಸ್ಟ್ಯಾಫಿಲೊಕಾಕಸ್ ಸುರಿಸುವ ಒಂದು ಕಿಣ್ವ ರೋಗನಿರೋಧಕ ವ್ಯವಸ್ಥೆಯ ಹಂಗಿಲ್ಲದೆ ನೇರವಾಗಿ ನರವನ್ನು ಮುಟ್ಟಿ ನವೆ ಎಬ್ಬಿಸಬಲ್ಲದು. ಕೆರೆತ ಗೋಡೆಯನ್ನು ಕೆಡವುತ್ತದೆ, ಕೆಡವಿದ ಗೋಡೆ ಉರಿಯೂತ ತರುತ್ತದೆ, ಉರಿಯೂತ ಮತ್ತೆ ನವೆ ತರುತ್ತದೆ. ಆಮೇಲೆ ಬೇರೆಯವರು ಸೇರಿಸಿದ, ತಾಯಿಯನ್ನು ದೂರುವ ಭಾಗವನ್ನು ಕಳಚಿ ನೋಡಿದರೆ ಬ್ರೋಕ್ ಹೇಳಿದ್ದರಲ್ಲಿ ಹುರುಳಿತ್ತು.

ಔಷಧಗಳು ನುಡಿದ ಸಾಕ್ಷ್ಯ

ವಾದಗಳನ್ನು ಒರೆಗೆ ಹಚ್ಚಿದ್ದು ಔಷಧಗಳು. ಇಂಟರ್‌ಲ್ಯೂಕಿನ್-4 ಮತ್ತು 13 ಎರಡರ ಬಾಗಿಲನ್ನೂ ಮುಚ್ಚುವ ಡುಪಿಲುಮ್ಯಾಬ್ ಚುಚ್ಚುಮದ್ದಿನ ಎರಡು ದೊಡ್ಡ ಪ್ರಯೋಗಗಳು 2016ರಲ್ಲಿ ಪ್ರಕಟವಾದವು. 16 ವಾರಗಳಲ್ಲಿ ಚರ್ಮ ಪೂರ್ತಿ ಅಥವಾ ಬಹುತೇಕ ತಿಳಿಯಾದವರು ಔಷಧ ಪಡೆದವರಲ್ಲಿ ಶೇ 38 ಮತ್ತು 36, ಹುಸಿಮದ್ದು ಪಡೆದವರಲ್ಲಿ ಶೇ 10 ಮತ್ತು 8. ಒಳಗಿನ ಪಂಥದ ಅತಿದೊಡ್ಡ ಗೆಲುವು ಇದು. ಆದರೆ ಅದೇ ಅಂಕಿಯನ್ನು ಇನ್ನೊಂದು ಕಡೆಯಿಂದ ಓದಬೇಕು: ಹತ್ತರಲ್ಲಿ ಆರು ಮಂದಿ ಆ ಮಟ್ಟ ಮುಟ್ಟಲಿಲ್ಲ. ಇಂಟರ್‌ಲ್ಯೂಕಿನ್-31ರ ದಾರಿ ಕಟ್ಟುವ ನೆಮೊಲಿಜುಮ್ಯಾಬ್ ನವೆಯನ್ನು ಬೇಗ ತಗ್ಗಿಸುತ್ತದೆ. ಹಲವು ಸಂದೇಶಗಳನ್ನು ಒಟ್ಟಿಗೇ ತಡೆಯುವ ಜ್ಯಾಕ್ ಪ್ರತಿಬಂಧಕ ಮಾತ್ರೆಗಳು ಇನ್ನೂ ಚುರುಕು, ಎಚ್ಚರಿಕೆಗಳೂ ಅಷ್ಟೇ ಹೆಚ್ಚು.

ಗೋಡೆಯ ಪಂಥದ ಪರೀಕ್ಷೆ ನಡೆದದ್ದು ಕೂಸುಗಳ ಮೇಲೆ. ಹುಟ್ಟಿದ ಕೂಡಲೇ ದಿನವೂ ತೇವಕಾರಿ ಹಚ್ಚಿದರೆ ಇಸುಬನ್ನೇ ತಡೆಯಬಹುದಲ್ಲ? ಬ್ರಿಟನ್ನಿನಲ್ಲಿ 1,394 ಕೂಸುಗಳ ಮೇಲೆ ಒಂದು ವರ್ಷ ಹಾಗೆ ಮಾಡಿ ನೋಡಲಾಯಿತು. ಎರಡು ವರ್ಷ ತುಂಬುವಾಗ ತೇವಕಾರಿ ಹಚ್ಚಿದವರಲ್ಲಿ ಇಸುಬು ಶೇ 23, ಹಚ್ಚದವರಲ್ಲಿ ಶೇ 25. ನಾರ್ವೆ ಮತ್ತು ಸ್ವೀಡನ್ನಿನ ಪ್ರಯೋಗವೂ 2020ರಲ್ಲೇ ಹಾಗೆಯೇ ಕೈಚೆಲ್ಲಿತು. 2025ರಲ್ಲಿ ಅಮೆರಿಕದ ಪ್ರಯೋಗವೊಂದು ಕೊಂಚ ಲಾಭ ಕಂಡದ್ದರಿಂದ ಕಡತ ಮತ್ತೆ ತೆರೆದಿದೆ. ಬಂದ ಇಸುಬಿಗೆ ತೇವಕಾರಿ ಬೇಕೇ ಬೇಕು. ಯಾವ ಬಗೆಯದು ಎಂಬುದು ಮುಖ್ಯವಲ್ಲ ಎಂದು 2022ರ ಬ್ರಿಟಿಷ್ ಪ್ರಯೋಗ ತೋರಿಸಿತು. ಸ್ನಾನದ ನೀರಿಗೆ ಬೆರೆಸುವ ಎಣ್ಣೆ, ರೇಷ್ಮೆಯ ಒಳಉಡುಪು, ಗಡಸು ನೀರನ್ನು ಮೆದುಗೊಳಿಸುವ ಯಂತ್ರ ಇವನ್ನೆಲ್ಲ ಒಂದೊಂದಾಗಿ ಪರೀಕ್ಷಿಸಿದಾಗ ಹೇಳಿಕೊಳ್ಳುವಂಥ ಪ್ರಯೋಜನ ಸಿಗಲಿಲ್ಲ.

ನಮ್ಮಲ್ಲಿ ಕಾಣುವ ಬಗೆ

ಪಠ್ಯಪುಸ್ತಕದ ಕೆಂಪು ಬಣ್ಣ ಕಂದು ಮೈಬಣ್ಣದಲ್ಲಿ ಕಾಣುವುದಿಲ್ಲ. ನೇರಳೆ ಛಾಯೆ, ಬೂದು, ಕಪ್ಪು ಕಲೆ, ಕೂದಲ ಬುಡಗಳಲ್ಲಿ ಸಣ್ಣ ಗಂಟುಗಳು ನಮ್ಮಲ್ಲಿ ಸಾಮಾನ್ಯ. ಕೆಂಪನ್ನೇ ಅಳೆಯುವ ಅಂಕಪಟ್ಟಿಗಳು ಹೀಗಾಗಿ ಕಾಯಿಲೆಯ ತೀವ್ರತೆಯನ್ನು ಕಡಿಮೆ ತೋರಿಸುತ್ತವೆ. ವಾಸಿಯಾದ ಜಾಗ ಬಿಳಿಚಿಕೊಂಡಾಗ ಮನೆಯವರು ತೊನ್ನೆಂದು ಹೆದರುವುದುಂಟು. ಹೆಚ್ಚಿನವರಲ್ಲಿ ಬಣ್ಣ ನಿಧಾನವಾಗಿ ಮರಳುತ್ತದೆ.

ಕರ್ನಾಟಕದ ಹೊಲಗಳಲ್ಲಿ ಇನ್ನೊಂದು ಗೊಂದಲವಿದೆ. ಜನ ಕಾಂಗ್ರೆಸ್ ಗಿಡ ಎನ್ನುವ ಪಾರ್ಥೇನಿಯಂ 1950ರ ದಶಕದಲ್ಲಿ ಪುಣೆಯಲ್ಲಿ ಗಮನಕ್ಕೆ ಬಂದು ಬಳಿಕ ಬಯಲುಸೀಮೆಯ ತುಂಬ ಹರಡಿತು. ಗಿಡದ ಒಣಪುಡಿ ಗಾಳಿಯಲ್ಲಿ ಬಂದು ರೆಪ್ಪೆ, ಕತ್ತು, ಮೊಣಕೈ ಮಡಿಕೆಗಳಲ್ಲಿ ತರುವ ಇಸುಬು ಅಟೋಪಿಕ್ ಇಸುಬನ್ನೇ ಹೋಲುತ್ತದೆ. ನಡುವಯಸ್ಸಿನ ರೈತರಿಗೆ ಹೊಸದಾಗಿ ಶುರುವಾದ ಇಂಥ ನವೆಗೆ ಬೆನ್ನಿಗೆ ಪಟ್ಟಿ ಅಂಟಿಸಿ ಮಾಡುವ ಪ್ಯಾಚ್ ಪರೀಕ್ಷೆಯಿಲ್ಲದೆ ಹೆಸರಿಡುವುದು ತಪ್ಪಾದೀತು.

ಮನೆಮಾತಿನಲ್ಲಿ ಬದನೆಕಾಯಿ, ಒಣಮೀನು, ಮೊಟ್ಟೆ ನಂಜು. ತಿಂದ ಗಂಟೆಯೊಳಗೆ ದದ್ದು, ವಾಂತಿ ಕಂಡ ಮಗುವಿಗೆ ಪರೀಕ್ಷೆ ಬೇಕು. ಮಿಕ್ಕವರಿಗೆ ಕುರುಡು ಪಥ್ಯದಿಂದ ನಷ್ಟವೇ ಹೆಚ್ಚು. ಕೊಬ್ಬರಿ ಎಣ್ಣೆಯ ಕಥೆ ಬೇರೆ. ಫಿಲಿಪ್ಪೀನ್ಸಿನಲ್ಲಿ 117 ಮಕ್ಕಳ ಮೇಲೆ ನಡೆದು 2014ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಅದು ಖನಿಜ ತೈಲಕ್ಕಿಂತ ಚೆನ್ನಾಗಿ ಕೆಲಸ ಮಾಡಿತು. ಆಲಿವ್ ಎಣ್ಣೆ ಮಾತ್ರ ಹೊರಪದರವನ್ನು ಕೆಡಿಸುತ್ತದೆ ಎಂಬ ಪುರಾವೆಯಿದೆ.

ಹೆಚ್ಚು ಕಳವಳದ ಸಂಗತಿ ಸ್ಟಿರಾಯ್ಡ್. ತೀಕ್ಷ್ಣ ಸ್ಟಿರಾಯ್ಡ್, ಶಿಲೀಂಧ್ರನಾಶಕ, ಪ್ರತಿಜೈವಿಕ ಮೂರನ್ನೂ ಬೆರೆಸಿದ ಟ್ಯೂಬು ಮೆಡಿಕಲ್ ಶಾಪಿನಲ್ಲಿ ಚೀಟಿಯಿಲ್ಲದೆ ಸಿಗುತ್ತದೆ. 2018ರಲ್ಲಿ ಕೇಂದ್ರ ಸರ್ಕಾರ ಹಲವು ಸ್ಟಿರಾಯ್ಡ್ ಮುಲಾಮುಗಳನ್ನು ಚೀಟಿ ಕಡ್ಡಾಯದ ಪಟ್ಟಿಗೆ ತಂದ ಮೇಲೂ ಅಭ್ಯಾಸ ನಿಂತಿಲ್ಲ. ಹುಳುಕಡ್ಡಿಗೂ ಇಸುಬಿಗೂ ಅದೇ ಟ್ಯೂಬು. ಮುಖದ ಚರ್ಮ ತೆಳುವಾಗುತ್ತದೆ, ಹುಳುಕಡ್ಡಿ ಮೈತುಂಬ ಹಬ್ಬುತ್ತದೆ. ಇನ್ನೊಂದು ತುದಿಯಲ್ಲಿ ಸ್ಟಿರಾಯ್ಡ್ ಎಂಬ ಹೆಸರಿಗೇ ಹೆದರಿ ಬಟಾಣಿಯಷ್ಟನ್ನು ಕೈಕಾಲಿಗೆಲ್ಲ ಸವರುವವರಿದ್ದಾರೆ. ಅಳತೆ ಸುಲಭ: ದೊಡ್ಡವರ ತೋರುಬೆರಳ ತುದಿಯಿಂದ ಮೊದಲ ಗೆಣ್ಣಿನವರೆಗೆ ಹಿಂಡಿದ ಮುಲಾಮು ಸುಮಾರು ಅರ್ಧ ಗ್ರಾಂ, ಅದು ಎರಡು ಅಂಗೈ ಅಗಲದ ಚರ್ಮಕ್ಕೆ ಸಾಕು.

ಇನ್ನೂ ತೀರ್ಮಾನವಾಗದ್ದು

ಇದು ಒಂದೇ ಕಾಯಿಲೆಯೇ, ಒಂದೇ ಹೆಸರಿನಡಿ ಬದುಕುತ್ತಿರುವ ಹಲವು ಕಾಯಿಲೆಗಳೇ? ಸಾಕ್ಷ್ಯ ಎರಡನೆಯದರ ಕಡೆ ವಾಲುತ್ತಿದೆ. ಏಷ್ಯಾದ ರೋಗಿಗಳ ಚರ್ಮದಲ್ಲಿ ಸೋರಿಯಾಸಿಸ್‌ನಲ್ಲಿ ಕಾಣುವ ಉರಿಯೂತದ ಎಳೆಯೂ ಬೆರೆತಿರುವುದು ಕಂಡುಬಂದಿದೆ. ಆದರೆ ಯಾರಿಗೆ ಯಾವ ಔಷಧ ಎಂದು ಮೊದಲೇ ಹೇಳಬಲ್ಲ ಗುರುತು ಆಸ್ಪತ್ರೆಯ ಬಳಕೆಗೆ ಬಂದಿಲ್ಲ.

ಇಸುಬಿನಿಂದ ಆಹಾರದ ಅಲರ್ಜಿ, ಅಲ್ಲಿಂದ ಉಬ್ಬಸ, ಕೊನೆಗೆ ನೆಗಡಿ ಎಂಬ ಅಟೋಪಿಯ ಮೆರವಣಿಗೆಯೂ ಪ್ರಶ್ನೆಗೊಳಗಾಗಿದೆ. ಸುಮಾರು 9,800 ಬ್ರಿಟಿಷ್ ಮಕ್ಕಳನ್ನು ಹುಟ್ಟಿನಿಂದ ಹಿಂಬಾಲಿಸಿ 2014ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಲಕ್ಷಣಗಳಿದ್ದ ಮಕ್ಕಳಲ್ಲಿ ಆ ಕ್ರಮದಲ್ಲೇ ನಡೆದವರು ಶೇ 7ರಷ್ಟೂ ಇರಲಿಲ್ಲ. ಇಸುಬನ್ನು ಬೇಗ ಹತ್ತಿಕ್ಕಿದರೆ ಉಳಿದದ್ದು ತಪ್ಪುತ್ತದೆಯೇ ಎಂಬುದೂ ಅರ್ಧ ಉತ್ತರದಲ್ಲಿದೆ. ಜಪಾನಿನಲ್ಲಿ 640 ಕೂಸುಗಳ ಪೈಕಿ ಅರ್ಧದಷ್ಟಕ್ಕೆ ಹೀಗೆ ಬಿರುಸಾಗಿ ಸ್ಟಿರಾಯ್ಡ್ ಮುಲಾಮು ಹಚ್ಚಿ ನೋಡಿದ 2023ರ ಪ್ರಯೋಗದಲ್ಲಿ ಮೊಟ್ಟೆಯ ಅಲರ್ಜಿ ಶೇ 42ರಿಂದ 31ಕ್ಕೆ ಇಳಿಯಿತು. ಜೊತೆಗೆ ಆ ಕೂಸುಗಳ ತೂಕವೂ ಎತ್ತರವೂ ಕೊಂಚ ಕಡಿಮೆಯಾದವು.

ಸ್ಟಿರಾಯ್ಡ್ ಬಿಟ್ಟಾಗ ಮೈಯೆಲ್ಲ ಉರಿದು ಸುಲಿಯುವ ಸ್ಥಿತಿ ಪ್ರತ್ಯೇಕ ಕಾಯಿಲೆಯೋ, ಇಸುಬೇ ಮರುಕಳಿಸಿದ್ದೋ ಎಂಬ ಜಗಳ ರೋಗಿಗಳಿಗೂ ವೈದ್ಯರಿಗೂ ನಡುವೆ ನಡೆದಿದೆ. ಬ್ರಿಟನ್ನಿನ ಔಷಧ ನಿಯಂತ್ರಕರು 2021ರಲ್ಲಿ ಅದರ ಬಗ್ಗೆ ಎಚ್ಚರಿಕೆ ಕೊಟ್ಟರೂ ಒಪ್ಪಿತ ವ್ಯಾಖ್ಯೆ ಬಂದಿಲ್ಲ. ಹೊಸ ಚುಚ್ಚುಮದ್ದನ್ನು ನಿಲ್ಲಿಸಬಹುದೇ, ಯಾವಾಗ ಎಂಬುದೂ ತಿಳಿಯದು. ಭಾರತದ ಬಹುಪಾಲು ರೋಗಿಗಳಿಗೆ ಅದು ಕೈಗೆಟುಕದ ಬೆಲೆಯದು. ಇಲ್ಲಿ ತೀವ್ರ ಇಸುಬಿಗೆ ಇಂದಿಗೂ ಆಸರೆ ಸೈಕ್ಲೊಸ್ಪೊರಿನ್, ಮೆಥೊಟ್ರೆಕ್ಸೇಟ್, ಅಜಾಥಯೊಪ್ರಿನ್. ಬ್ರಿಟನ್ ಮತ್ತು ಐರ್ಲೆಂಡಿನ 103 ಮಕ್ಕಳಲ್ಲಿ ಮೊದಲೆರಡನ್ನು ಹೋಲಿಸಿದ 2023ರ ಪ್ರಯೋಗದಲ್ಲಿ ಸೈಕ್ಲೊಸ್ಪೊರಿನ್ ಬೇಗ ಹಿಡಿಯಿತು, ಮೆಥೊಟ್ರೆಕ್ಸೇಟ್‌ನ ಗುಣ ಔಷಧ ನಿಲ್ಲಿಸಿದ ಮೇಲೂ ಹೆಚ್ಚು ಕಾಲ ಉಳಿಯಿತು. ಅಗ್ಗದ ಹಳೆಯ ಮಾತ್ರೆಗಳನ್ನು ದುಬಾರಿ ಹೊಸ ಚುಚ್ಚುಮದ್ದುಗಳ ಎದುರಿಗೆ ನೇರವಾಗಿ ನಿಲ್ಲಿಸಿ, ಕಂದು ಚರ್ಮದ ರೋಗಿಗಳಲ್ಲಿ ವರ್ಷಗಳ ಕಾಲ ತೂಗಿ ನೋಡುವ ಕೆಲಸ ಬಾಕಿಯಿದೆ.